ದಕ್ಷಿಣ ಆಫ್ರಿಕಾದ ಅಂಕಿಅಂಶ ಓದುವಾಗ ಎಡವುವ ಜಾಗಗಳು

ದಕ್ಷಿಣ ಆಫ್ರಿಕಾದ ನಿರುದ್ಯೋಗ ಶೇ 32.9 ಎಂದು ಒಂದು ವರದಿ, ಶೇ 41.9 ಎಂದು ಇನ್ನೊಂದು. ಎರಡೂ ಸರಿ. ಎರಡೂ 2024ರ ಜನವರಿ–ಮಾರ್ಚ್ ಅವಧಿಯವು, ಒಂದೇ ಸಮೀಕ್ಷೆಯಿಂದ ಬಂದವು. ಬದಲಾಗಿದ್ದು ಲೆಕ್ಕ ಹಾಕುವ ವಿಧಾನ, ಅಷ್ಟೇ. ಈ ದೇಶದ ಬಗ್ಗೆ ಪ್ರಬಂಧ, ಪಾಠ, ಲೇಖನ ಬರೆಯಲು ಕೂತವರು ಒಂದು ಅಭ್ಯಾಸ ಮಾಡಿಕೊಂಡರೆ ಮುಕ್ಕಾಲು ತಪ್ಪು ತಪ್ಪುತ್ತದೆ: ಶೇಕಡಾ ಕಂಡ ಕೂಡಲೇ ಅದು ಯಾವ ನೂರರಲ್ಲಿ ಎಂದು ಕೇಳಿ.

ಮೊದಲು ಹೆಸರುಗಳು

ಸರ್ಕಾರಿ ಅಂಕಿಅಂಶ ಸಂಸ್ಥೆ ಸ್ಟ್ಯಾಟ್ಸ್ ಎಸ್‌ಎ ಇವತ್ತಿಗೂ ಜನಾಂಗವಾರು ಅಂಕಿ ಕೊಡುತ್ತದೆ. ಮುಖ್ಯ ಗುಂಪುಗಳು ನಾಲ್ಕು. 2022ರ ಜನಗಣತಿಯ ಪ್ರಕಾರ ಬ್ಲ್ಯಾಕ್ ಆಫ್ರಿಕನ್ ಶೇ 81.4, ಕಲರ್ಡ್ (ಮಿಶ್ರ ಮೂಲದ ಸಮುದಾಯ) ಶೇ 8.2, ಬಿಳಿಯರು ಶೇ 7.3, ಇಂಡಿಯನ್/ಏಷ್ಯನ್ ಶೇ 2.7. ವರ್ಣಭೇದ ಕಾಲದಲ್ಲಿ 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಜನರ ಮೇಲೆ ಈ ಚೀಟಿಗಳನ್ನು ಅಂಟಿಸಿತ್ತು. ಕಾಯ್ದೆ 1991ರಲ್ಲಿ ರದ್ದಾಯಿತು. ಈಗ ಜನ ತಾವೇ ಹೇಳಿಕೊಂಡದ್ದನ್ನು ಬರೆದುಕೊಳ್ಳುತ್ತಾರೆ.

ಎಡವುವುದು ‘ಬ್ಲ್ಯಾಕ್’ ಎಂಬ ಪದದಲ್ಲಿ. ಅಂಕಿಅಂಶದ ಕೋಷ್ಟಕದಲ್ಲಿ ‘ಬ್ಲ್ಯಾಕ್ ಆಫ್ರಿಕನ್’ ಒಂದು ಗುಂಪು ಮಾತ್ರ. ಆದರೆ 1998ರ ಉದ್ಯೋಗ ಸಮಾನತೆ ಕಾಯ್ದೆಯಲ್ಲಿ ‘ಬ್ಲ್ಯಾಕ್ ಪೀಪಲ್’ ಎಂದರೆ ಆಫ್ರಿಕನ್, ಕಲರ್ಡ್, ಇಂಡಿಯನ್ ಮೂವರೂ. ಚೀನೀ ಮೂಲದ ದಕ್ಷಿಣ ಆಫ್ರಿಕನ್ನರೂ ಅದರೊಳಗೆ ಬರುತ್ತಾರೆ ಎಂದು 2008ರಲ್ಲಿ ಹೈಕೋರ್ಟ್ ಹೇಳಿತು. ಒಂದೇ ಪ್ಯಾರಾದಲ್ಲಿ ಜನಗಣತಿಯ ಅಂಕಿಯನ್ನೂ ಈ ಕಾಯ್ದೆಯ ವರದಿಯ ಅಂಕಿಯನ್ನೂ ಬೆರೆಸಿದರೆ ಎರಡು ಬೇರೆ ಜನಸಮೂಹಗಳನ್ನು ಹೋಲಿಸಿದಂತಾಗುತ್ತದೆ. ‘ಕಲರ್ಡ್’ ಅನ್ನು ‘ವರ್ಣೀಯರು’ ಎಂದು ಕನ್ನಡಿಸಲು ಹೋಗಬೇಡಿ. ಅಲ್ಲಿ ಅದು ನಿರ್ದಿಷ್ಟ ಸಮುದಾಯವೊಂದರ ಹೆಸರು.

ನಿರುದ್ಯೋಗ: ಒಮ್ಮೆ ಕೈಯಾರೆ ಲೆಕ್ಕ ಹಾಕಿ

ತ್ರೈಮಾಸಿಕ ಕಾರ್ಮಿಕ ಸಮೀಕ್ಷೆ ಸುಮಾರು 30,000 ಮನೆಗಳನ್ನು ಆಧರಿಸಿದ್ದು, ಲೆಕ್ಕಕ್ಕೆ ಹಿಡಿಯುವುದು 15ರಿಂದ 64 ವಯಸ್ಸಿನವರನ್ನು. ಹಿಂದಿನ ವಾರ ಒಂದು ಗಂಟೆ ದುಡಿದಿದ್ದರೂ ಆತ ಉದ್ಯೋಗಿ. ನಿರುದ್ಯೋಗಿ ಎನಿಸಿಕೊಳ್ಳಲು ಮೂರು ಷರತ್ತು: ಕೆಲಸ ಇರಬಾರದು, ಕಳೆದ ನಾಲ್ಕು ವಾರಗಳಲ್ಲಿ ಹುಡುಕಿರಬೇಕು, ಸಿಕ್ಕರೆ ಸೇರಲು ಸಿದ್ಧವಿರಬೇಕು.

2024ರ ಮೊದಲ ತ್ರೈಮಾಸಿಕದ ಅಂಕಿ ತೆಗೆದುಕೊಳ್ಳಿ. ಉದ್ಯೋಗಿಗಳು ಸುಮಾರು 1 ಕೋಟಿ 67 ಲಕ್ಷ, ನಿರುದ್ಯೋಗಿಗಳು 82 ಲಕ್ಷ. ಕೂಡಿದರೆ ಕಾರ್ಮಿಕ ಪಡೆ 2 ಕೋಟಿ 49 ಲಕ್ಷ. 82 ಅನ್ನು 249ರಿಂದ ಭಾಗಿಸಿ, ಶೇ 33ರ ಹತ್ತಿರ ಬರುತ್ತದೆ. ಇದು ಅಧಿಕೃತ ದರ.

ಇನ್ನು ಹುಡುಕಿ ಹುಡುಕಿ ಸಾಕಾಗಿ ಕೈಚೆಲ್ಲಿದವರು 30 ಲಕ್ಷದಷ್ಟು ಇದ್ದಾರೆ. ಮೇಲಿನ ಎರಡನೇ ಷರತ್ತಿನಲ್ಲಿ ಇವರು ಬಿದ್ದುಹೋದರು. ಕೆಲಸ ಬೇಕು ಎನ್ನುವ ಆದರೆ ಬೇರೆ ಕಾರಣಕ್ಕೆ ಹುಡುಕದವರನ್ನೂ ಇವರ ಜೊತೆ ಸೇರಿಸಿದರೆ ನಿರುದ್ಯೋಗಿಗಳು ಸುಮಾರು 1 ಕೋಟಿ 21 ಲಕ್ಷ. ಛೇದವೂ 2 ಕೋಟಿ 88 ಲಕ್ಷಕ್ಕೆ ಏರುತ್ತದೆ. ಮೇಲಿನ ಸಂಖ್ಯೆಗೆ ಮಾತ್ರ ಸೇರಿಸಿ ಕೆಳಗಿನದನ್ನು ಹಾಗೇ ಬಿಡುವುದು ವಿದ್ಯಾರ್ಥಿಗಳು ಪದೇಪದೇ ಮಾಡುವ ತಪ್ಪು; ಹಾಗೆ ಮಾಡಿದರೆ ಶೇ 49ರ ಹತ್ತಿರ ಬಂದುಬಿಡುತ್ತದೆ. ಸರಿಯಾದ ಉತ್ತರ ಶೇ 42ರ ಆಸುಪಾಸು, ಅಂದರೆ ವಿಸ್ತೃತ ದರ. ಉದ್ಯೋಗ ಸಿಗುವ ಭರವಸೆಯೇ ಬತ್ತಿದ ಹಳ್ಳಿಗಾಡಿನ ಬಗ್ಗೆ, ಅದರಲ್ಲೂ ವರ್ಣಭೇದ ಕಾಲದಲ್ಲಿ ಆಫ್ರಿಕನ್ನರಿಗೆಂದು ಬೇರ್ಪಡಿಸಿದ್ದ ‘ಹೋಮ್‌ಲ್ಯಾಂಡ್’ ಪ್ರದೇಶಗಳ ಬಗ್ಗೆ ಬರೆಯುವಾಗ ಅಧಿಕೃತ ದರವನ್ನು ನೆಚ್ಚಿಕೊಳ್ಳಬೇಡಿ. ಬಸ್ಸಿನ ಖರ್ಚಿಗೆ ಕಾಸಿಲ್ಲದೆ ಹುಡುಕುವುದನ್ನೇ ಬಿಟ್ಟವರ ಸಂಖ್ಯೆ ಹೆಚ್ಚಿದಷ್ಟೂ ಆ ದರ ಇಳಿಯುತ್ತದೆ.

ಮೂರನೆಯ ಲೆಕ್ಕ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತ. ಆ ವಯಸ್ಸಿನ ಒಟ್ಟು ಜನ 4 ಕೋಟಿ 11 ಲಕ್ಷ. ಅದರಲ್ಲಿ ಕೆಲಸದಲ್ಲಿರುವವರು ನೂರಕ್ಕೆ 41. ಇಲ್ಲಿ ಯಾರು ಹುಡುಕಿದರು, ಯಾರು ಬಿಟ್ಟರು ಎಂಬ ತಕರಾರೇ ಇಲ್ಲ.

ಯುವಕರ ದರದಲ್ಲಿ ಇದೇ ತಪ್ಪು ಇನ್ನೂ ದೊಡ್ಡದಾಗಿ ಕಾಣಿಸುತ್ತದೆ. 15–24 ವಯಸ್ಸಿನವರ ನಿರುದ್ಯೋಗ ಅದೇ ತ್ರೈಮಾಸಿಕದಲ್ಲಿ ಶೇ 59.7 ಇತ್ತು. ನೂರು ಹುಡುಗ ಹುಡುಗಿಯರಲ್ಲಿ ಅರವತ್ತು ಮಂದಿ ನಿರುದ್ಯೋಗಿಗಳು ಎಂದು ಇದರ ಅರ್ಥವಲ್ಲ, ಏಕೆಂದರೆ ಆ ವಯಸ್ಸಿನ ಬಹುಪಾಲು ಮಕ್ಕಳು ಶಾಲೆ, ಕಾಲೇಜಿನಲ್ಲಿದ್ದು ಕಾರ್ಮಿಕ ಪಡೆಯ ಲೆಕ್ಕಕ್ಕೇ ಬರುವುದಿಲ್ಲ. ಓದಿನಲ್ಲೂ ಇಲ್ಲದ, ಕೆಲಸದಲ್ಲೂ ಇಲ್ಲದ, ತರಬೇತಿಯಲ್ಲೂ ಇಲ್ಲದವರ ಪ್ರಮಾಣವನ್ನು (ನೀಟ್ ದರ) ಬಳಸಿ. ಅದು ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಇದೇ ಸಾಕಷ್ಟು ಭೀಕರ, ಉಬ್ಬಿಸಿ ಹೇಳಬೇಕಾಗಿಲ್ಲ.

ಮೆಟ್ರಿಕ್ ಫಲಿತಾಂಶ

ನಮ್ಮ ಕಡೆ ಮೆಟ್ರಿಕ್ ಎಂದರೆ ಹತ್ತನೇ ತರಗತಿ. ಅಲ್ಲಿ ಮೆಟ್ರಿಕ್ ಎಂದರೆ 12ನೇ ತರಗತಿಯ ನ್ಯಾಷನಲ್ ಸೀನಿಯರ್ ಸರ್ಟಿಫಿಕೇಟ್, ನಮ್ಮ ದ್ವಿತೀಯ ಪಿಯುಸಿಗೆ ಸಮ. 2024ರಲ್ಲಿ ಪರೀಕ್ಷೆ ಬರೆದವರು ಸುಮಾರು 7.05 ಲಕ್ಷ, ಪಾಸಾದವರು 6.15 ಲಕ್ಷ, ಶೇ 87.3. ಮಂತ್ರಿಗಳು ಪ್ರತಿ ಜನವರಿಯಲ್ಲಿ ಸಂಭ್ರಮದಿಂದ ಓದಿ ಹೇಳುವ ಅಂಕಿ ಇದು.

ಅದರ ಎದುರಿಗೆ ವಿರೋಧ ಪಕ್ಷಗಳು ‘ನಿಜವಾದ ಪಾಸ್ ದರ’ ಎಂದು ಇನ್ನೊಂದನ್ನು ಇಡುತ್ತವೆ: ಎರಡು ವರ್ಷ ಹಿಂದೆ 10ನೇ ತರಗತಿಯಲ್ಲಿದ್ದವರಲ್ಲಿ ಎಷ್ಟು ಜನ ಪಾಸಾದರು ಎಂದು. ಇದು ಅರ್ಧದ ಸುತ್ತಮುತ್ತ ಬರುತ್ತದೆ. ಎರಡನ್ನೂ ಯಥಾವತ್ತು ನಂಬಬೇಡಿ. ಮೊದಲನೆಯದು ಶಾಲೆ ಬಿಟ್ಟವರನ್ನು ಮರೆಮಾಚುತ್ತದೆ. ಎರಡನೆಯದರಲ್ಲಿ 10ನೇ ತರಗತಿಯಲ್ಲೇ ಎರಡು ಮೂರು ಸಲ ಕೂತವರು ಮತ್ತೆ ಮತ್ತೆ ಎಣಿಕೆಯಾಗಿ ಛೇದ ಉಬ್ಬುತ್ತದೆ. ಮನೆಮನೆ ಸಮೀಕ್ಷೆಗಳಿಂದ ಲೆಕ್ಕ ಹಾಕಿದರೆ ಒಂದು ತಲೆಮಾರಿನ ಸುಮಾರು ಶೇ 60 ಮಂದಿ ಕೊನೆಗೆ ಮೆಟ್ರಿಕ್ ಮುಗಿಸುತ್ತಾರೆ. ಬರೆಯುವುದಿದ್ದರೆ ಇದನ್ನು ಬರೆಯಿರಿ.

ಪಾಸಿನಲ್ಲೂ ಅಂತಸ್ತುಗಳಿವೆ. ಕೆಳಗಿನ ಅಂತಸ್ತಾದ ಹೈಯರ್ ಸರ್ಟಿಫಿಕೇಟ್ ಪಾಸಿಗೆ ಮನೆಭಾಷೆಯಲ್ಲಿ 40, ಇನ್ನೆರಡು ವಿಷಯಗಳಲ್ಲಿ 40, ಮೂರರಲ್ಲಿ 30 ಅಂಕ ಸಾಕು. ಪದವಿಗೆ ಅರ್ಹತೆ ಕೊಡುವ ಬ್ಯಾಚುಲರ್ ಪಾಸಿಗೆ ನಾಲ್ಕು ವಿಷಯಗಳಲ್ಲಿ 50 ಬೇಕು. 2024ರಲ್ಲಿ ಇದು ಸಿಕ್ಕಿದ್ದು ಶೇ 47.8 ಮಂದಿಗೆ. ‘ಅಲ್ಲಿ 30 ಬಂದರೆ ಪಾಸ್’ ಎಂಬ ಮಾತು ಅರ್ಧ ನಿಜ ಅಷ್ಟೇ. ಗಣಿತವನ್ನು ಪ್ರತ್ಯೇಕ ನೋಡಿ. 10ನೇ ತರಗತಿಯಲ್ಲೇ ಗಣಿತ ಅಥವಾ ‘ಮ್ಯಾಥಮೆಟಿಕಲ್ ಲಿಟರಸಿ’ ಆರಿಸಿಕೊಳ್ಳಬೇಕು. ಎರಡನೆಯದು ದಿನಬಳಕೆಯ ಲೆಕ್ಕ. ಎಂಜಿನಿಯರಿಂಗಿಗೆ, ವೈದ್ಯಕೀಯಕ್ಕೆ ಅದು ನಡೆಯುವುದಿಲ್ಲ. 2024ರಲ್ಲಿ ಗಣಿತ ಬರೆದವರು ಎರಡೂವರೆ ಲಕ್ಷದಷ್ಟು ಮಾತ್ರ. ಉದ್ಯೋಗದ ಬಾಗಿಲು ಮುಚ್ಚುವುದು ಪರೀಕ್ಷೆಯ ದಿನವಲ್ಲ, ಹದಿನೈದನೇ ವಯಸ್ಸಿನಲ್ಲಿ. ಇನ್ನೂ ಹಿಂದಕ್ಕೆ ಹೋದರೆ 4ನೇ ತರಗತಿ: 2021ರ ಪರ್ಲ್ಸ್ ಎಂಬ ಅಂತರರಾಷ್ಟ್ರೀಯ ಓದು ಪರೀಕ್ಷೆಯಲ್ಲಿ ಶೇ 81 ಮಕ್ಕಳಿಗೆ ಓದಿದ್ದು ಅರ್ಥವಾಗುತ್ತಿರಲಿಲ್ಲ.

ಶಾಲೆ ಬಡವರದೋ ಸಿರಿವಂತರದೋ ಎಂದು ತಿಳಿಯುವುದು

ಸರ್ಕಾರಿ ಶಾಲೆಗಳನ್ನು ಐದು ಕ್ವಿಂಟೈಲ್‌ಗಳಾಗಿ, ಅಂದರೆ ಬಡವಾದ 1ರಿಂದ ಸಿರಿವಂತವಾದ 5ರವರೆಗಿನ ಗುಂಪುಗಳಾಗಿ ವಿಂಗಡಿಸಿದ್ದಾರೆ. 1ರಿಂದ 3 ಶುಲ್ಕವಿಲ್ಲದವು. 5ನೆಯದರಲ್ಲಿ ಹಿಂದೆ ಬಿಳಿಯರಿಗಷ್ಟೇ ಮೀಸಲಾಗಿದ್ದ ‘ಮಾಡೆಲ್ ಸಿ’ ಶಾಲೆಗಳು ಹೆಚ್ಚು. ಇವು ಶುಲ್ಕ ಎತ್ತಿ, ಆಡಳಿತ ಮಂಡಳಿಯ ಹಣದಲ್ಲಿ ಹೆಚ್ಚುವರಿ ಶಿಕ್ಷಕರನ್ನು ನೇಮಿಸಿಕೊಳ್ಳುತ್ತವೆ. ಆದ್ದರಿಂದ ಸರ್ಕಾರದ ತಲಾ ಅನುದಾನದ ಕೋಷ್ಟಕ ಮಾತ್ರ ನೋಡಿದರೆ ಬಡ ಶಾಲೆಗೇ ಹೆಚ್ಚು ಸಿಗುತ್ತಿದೆ ಎನಿಸುತ್ತದೆ. ಶುಲ್ಕ ಸೇರಿಸಿದಾಗ ಚಿತ್ರ ತಲೆಕೆಳಗಾಗುತ್ತದೆ. ಕ್ವಿಂಟೈಲ್ ನಿರ್ಧಾರವಾಗುವುದು ಶಾಲೆಯ ಸುತ್ತಲಿನ ಬಡಾವಣೆಯ ಬಡತನದಿಂದ, ಒಳಗೆ ಕೂತ ಮಕ್ಕಳ ಬಡತನದಿಂದಲ್ಲ ಎಂಬುದೂ ನೆನಪಿರಲಿ. ಟೌನ್‌ಶಿಪ್ಪಿನಿಂದ (ವರ್ಣಭೇದ ಕಾಲದಲ್ಲಿ ಬಿಳಿಯರಲ್ಲದವರಿಗೆಂದು ಊರಂಚಿನಲ್ಲಿ ಮಾಡಿದ ಬಡಾವಣೆ) ವ್ಯಾನಿನಲ್ಲಿ ಬರುವ ಮಕ್ಕಳೇ ತುಂಬಿದ ನಗರದ ಶಾಲೆ ಕಾಗದದ ಮೇಲೆ ಸಿರಿವಂತ ಶಾಲೆ.

ಹಿನ್ನೆಲೆಗೆ ಒಂದೇ ಅಂಕಿ ಸಾಕು: 1975–76ರಲ್ಲಿ ಬಿಳಿಯ ಮಗುವಿನ ಶಿಕ್ಷಣಕ್ಕೆ ಸರ್ಕಾರ 644 ರ‍್ಯಾಂಡ್ ಖರ್ಚು ಮಾಡಿದಾಗ ಆಫ್ರಿಕನ್ ಮಗುವಿಗೆ 42. ಆ ಮಕ್ಕಳು ಈಗ ಅರವತ್ತರ ಹತ್ತಿರ ಇದ್ದಾರೆ. ಇವತ್ತಿನ ಉದ್ಯೋಗ ಕೋಷ್ಟಕದ ಹಿರಿಯ ವಯೋಮಾನದ ಸಾಲಿನಲ್ಲಿ ಅವರನ್ನೇ ನೀವು ಓದುತ್ತಿರುವುದು.

ಗಿನಿ, ‘ಮೀಸಲಾತಿ’

ಗಿನಿ ಸೂಚ್ಯಂಕ ಅಸಮಾನತೆಯ ಅಳತೆ: 0 ಎಂದರೆ ಎಲ್ಲರೂ ಸಮ, 1 ಎಂದರೆ ಎಲ್ಲವೂ ಒಬ್ಬರ ಕೈಯಲ್ಲಿ. ಎಲ್ಲರೂ ಉಲ್ಲೇಖಿಸುವ 0.63 ವಿಶ್ವಬ್ಯಾಂಕಿನದು, 2014–15ರ ಸಮೀಕ್ಷೆಯದು, ಖರ್ಚನ್ನು ಆಧರಿಸಿದ್ದು. ‘ಈಗ’ ಎಂದು ಬರೆಯಬೇಡಿ. ಆದಾಯದ ಗಿನಿ ಇದಕ್ಕಿಂತ ಮೇಲಿರುತ್ತದೆ, ಆಸ್ತಿಯದು ಇನ್ನೂ ಮೇಲೆ. ಮೇಲಿನ ಶೇ 10 ಮಂದಿಯ ಕೈಯಲ್ಲಿ ದೇಶದ ಶೇ 80ಕ್ಕೂ ಹೆಚ್ಚು ಆಸ್ತಿಯಿದೆ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ಏರಿತು, ಇಳಿಯಿತು ಎನ್ನುವಂತಿಲ್ಲ. ವರ್ಣಭೇದ ಆಡಳಿತ ಕೊನೆಗೊಂಡ 1994ರ ನಂತರ ಆಫ್ರಿಕನ್ನರ ಒಳಗೇ ಅಂತರ ಹೆಚ್ಚಿದೆ, ಹಾಗಾಗಿ ಜನಾಂಗಗಳ ನಡುವಿನ ಅಂತರ, ಜನಾಂಗದೊಳಗಿನ ಅಂತರ ಎರಡನ್ನೂ ಬಿಡಿಸಿ ನೋಡಬೇಕು.

ಉದ್ಯೋಗ ಸಮಾನತೆ ಕಾಯ್ದೆಯನ್ನು ‘ಮೀಸಲಾತಿ’ ಎಂದು ಅನುವಾದಿಸಿದ ಕೂಡಲೇ ಕನ್ನಡದ ಓದುಗರ ಕಣ್ಣಿಗೆ ರೋಸ್ಟರ್, ಕಾಯ್ದಿರಿಸಿದ ಹುದ್ದೆಗಳು ಬರುತ್ತವೆ. ಅಲ್ಲಿರುವುದು ಅದಲ್ಲ. ಖಾಸಗಿ ಕಂಪನಿಗಳೂ ಸೇರಿದಂತೆ ಉದ್ಯೋಗದಾತರು ಗುರಿ ಹಾಕಿಕೊಂಡು (2025ರಿಂದ ವಲಯವಾರು ಗುರಿಗಳನ್ನು ಸಚಿವರು ನಿಗದಿ ಮಾಡುತ್ತಾರೆ) ಪ್ರತಿ ವರ್ಷ ವರದಿ ಕೊಡಬೇಕು. ಆ ವರದಿಗಳ ಪ್ರಕಾರ ಉನ್ನತ ಆಡಳಿತ ಹುದ್ದೆಗಳಲ್ಲಿ ಬಿಳಿಯರು ಶೇ 60ಕ್ಕೂ ಹೆಚ್ಚು. ಅದನ್ನು ಹೋಲಿಸಬೇಕಾದದ್ದು ದುಡಿಯುವ ಜನಸಂಖ್ಯೆಯಲ್ಲಿ ಅವರ ಪಾಲಿನೊಂದಿಗೆ, ಅದು ಶೇ 10ಕ್ಕಿಂತ ಕಡಿಮೆ. ಸರ್ಕಾರಿ, ಖಾಸಗಿ ಕೋಷ್ಟಕಗಳನ್ನು ಬೇರೆ ಬೇರೆ ತೆಗೆಯಿರಿ, ಒಟ್ಟು ಸರಾಸರಿ ಎರಡರದ್ದನ್ನೂ ಮಸುಕಾಗಿಸುತ್ತದೆ. 2025ರ ಜನವರಿ 1ರಿಂದ 50ಕ್ಕಿಂತ ಕಡಿಮೆ ಸಿಬ್ಬಂದಿಯ ಸಂಸ್ಥೆಗಳು ಈ ಬಾಧ್ಯತೆಯಿಂದ ಹೊರಬಿದ್ದಿವೆ, ಹಾಗಾಗಿ ಮುಂದಿನ ವರ್ಷಗಳ ಅಂಕಿಯನ್ನು ಹಿಂದಿನವುಗಳ ಸಾಲಿಗೆ ನೇರವಾಗಿ ಜೋಡಿಸಬೇಡಿ.

ಊರೊಳಗೆ ಇಳಿದಾಗ

ಜೋಹಾನ್ಸ್‌ಬರ್ಗಿನಲ್ಲಿ ಗಾಜಿನ ಕಟ್ಟಡಗಳ ಸ್ಯಾಂಡ್‌ಟನ್, ತಗಡಿನ ಗುಡಿಸಲುಗಳ ಅಲೆಕ್ಸಾಂಡ್ರಾ ನಡುವೆ ಇರುವುದು ಒಂದು ಹೆದ್ದಾರಿ, ಕೆಲವೇ ಕಿಲೋಮೀಟರ್. ಕಾರ್ಮಿಕ ಸಮೀಕ್ಷೆ ಪ್ರಾಂತ್ಯ ಮತ್ತು ಮಹಾನಗರದ ಮಟ್ಟಕ್ಕೆ ನಿಲ್ಲುತ್ತದೆ, ಈ ಎರಡನ್ನೂ ಒಂದೇ ಸರಾಸರಿಯಲ್ಲಿ ಕಲಸುತ್ತದೆ. ಬಡಾವಣೆಯ ಮಟ್ಟಕ್ಕೆ ಜನಗಣತಿಯೇ ಗತಿ. ಆದರೆ 2022ರ ಗಣತಿಯಲ್ಲಿ ಶೇ 31ರಷ್ಟು ಜನ ಎಣಿಕೆಯಿಂದ ತಪ್ಪಿಹೋಗಿದ್ದರು, ಬಿಳಿಯರಲ್ಲಿ ಮತ್ತು ಇಂಡಿಯನ್ನರಲ್ಲಿ ಇನ್ನೂ ಹೆಚ್ಚು. ಪ್ರಕಟವಾಗಿರುವುದು ನಂತರದ ಮರುಸಮೀಕ್ಷೆಯಿಂದ ಹೊಂದಿಸಿದ ಅಂಕಿ. ದೇಶದ ಮಟ್ಟದಲ್ಲಿ ಅದು ನಡೆಯುತ್ತದೆ. ಒಂದು ವಾರ್ಡಿನ ಒಂದು ಜನಾಂಗದ ಅಂಕಿ ಬೇಕಿದ್ದರೆ 2011ರ ಗಣತಿಯನ್ನೂ ಪಕ್ಕದಲ್ಲಿಟ್ಟು ನೋಡಿ, ಎರಡರ ನಡುವೆ ನಂಬಲಾಗದ ಜಿಗಿತ ಕಂಡರೆ ಆ ಸಾಲನ್ನು ಬಿಟ್ಟುಬಿಡಿ.