ಹಿಂದೆ ಕೂತವಳ ನೋಟ್‌ಬುಕ್ ನೋಡಿ ಟ್ರೈಕ್ ಬದಲಿಸಿದೆ

ಕಳೆದ ತಿಂಗಳು ಅಮೆರಿಕದ ನಾರ್ತ್ ಕ್ಯಾರೊಲಿನಾದ ಬೂನ್‌ನಿಂದ ನಮ್ಮೂರು ಕ್ಯಾರಿಗೆ ವಾಪಸ್ ಬರುವಾಗ ನನ್ನ ಸ್ಪೈಡರ್ ಆರ್‌ಟಿಯ (ಮುಂದೆ ಎರಡು, ಹಿಂದೆ ಒಂದು ಚಕ್ರದ ಟ್ರೈಕ್, ಅಂದರೆ ಮೂರು ಚಕ್ರದ ಬೈಕು) ಓಡೋಮೀಟರ್ 27,000 ಮೈಲಿ ದಾಟಿತು. ಅದರಲ್ಲಿ ಸುಮಾರು 21,000 ನಾವಿಬ್ಬರೇ ಓಡಾಡಿದ್ದು. ಮನೆ ಮುಂದೆ ಇಳಿದು ಹೆಲ್ಮೆಟ್ ತೆಗೆದ ನಮ್ಮ ಮನೆಯವಳು, "ರೀ, ಇವತ್ತು ಸೊಂಟ ಏನೂ ಅನ್ನಲೇ ಇಲ್ಲ" ಎಂದಳು. ಈ ಒಂದು ಮಾತು ಕೇಳೋದಕ್ಕೆ ನಾನು ನಾಲ್ಕು ವರ್ಷ ಒದ್ದಾಡಿದ್ದೀನಿ, ಸಾವಿರಗಟ್ಟಲೆ ಡಾಲರ್ ಕಳೆದಿದ್ದೀನಿ. ಹಿಂದೆ ಕೂತು ಅವಳು ಬರೆದಿಟ್ಟದ್ದನ್ನು ನೋಡಿ ಗಾಡಿ ಆರಿಸುವ ನನ್ನ ದಾರಿಯನ್ನು ಸ್ನೇಹಿತರು ಯಾರೂ ಒಪ್ಪಿರಲಿಲ್ಲ. "ಅಲ್ಲ ಗುರೂ, ಹೆಂಡ್ತಿ ನೋಟ್‌ಬುಕ್ ನೋಡಿ ಯಾರಾದ್ರೂ ಗಾಡಿ ತಗೊಳ್ತಾರಾ?" ಅಂದವರು ಈಗ ಅದೇ ರೀತಿ ಮಾಡೋದು ಹೇಗೆ ಅಂತ ಫೋನ್ ಮಾಡ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹಳೇ ಗಾಡಿ 2017ರ ಎಫ್3 ಲಿಮಿಟೆಡ್, ಸ್ಪೈಡರ್‌ನದೇ ಇನ್ನೊಂದು ಮಾಡೆಲ್. 2019ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಮೈಸೂರಿನಲ್ಲಿ ಯೆಜ್ಡಿ ಓಡಿಸಿ ಬೆಳೆದವನು ನಾನು. ಬಲ ಪಾದದ ಆಪರೇಷನ್ ಆದಮೇಲೆ ನಿಂತ ಗಾಡಿಯ ತೂಕ ಹಿಡಿಯಲು ಆಗದೆ ಮೂರು ಚಕ್ರಕ್ಕೆ ಬಂದೆ. ಒಬ್ಬನೇ ಓಡಿಸುವಾಗ ಎಫ್3 ಬಹಳ ಚೆನ್ನಾಗಿತ್ತು. ಇಬ್ಬರು ಹೊರಟರೆ ಗಂಟೆ ಆಗುವುದರೊಳಗೆ ಹೆಗಲು ತಟ್ಟುತ್ತಿದ್ದಳು, ನಿಲ್ಲಿಸಬೇಕಿತ್ತು. ಹೈವೇಯಲ್ಲಿ ಗಂಟೆಗೆ 75 ಮೈಲಿಯ ಮೇಲೆ ಹೋದರೆ ಮುಂಭಾಗ ಅತ್ತಿತ್ತ ಹುಡುಕಾಡಿದ ಹಾಗೆ ಆಗುತ್ತಿತ್ತು. 70ರ ಹತ್ತಿರ ಹಿಂದಿನ ಚಕ್ರ ತಿರುಗಿಸುವ ಬೆಲ್ಟ್ ನಡುಗುವುದು ಕಾಲಿಗೆ ತಿಳಿಯುತ್ತಿತ್ತು. ನಮ್ಮ ಗುಂಪಿನಲ್ಲಿ ಮೂವರು ಹಿಂದೆ ಎರಡು ಚಕ್ರ ಇರುವ ಹಾರ್ಲೆಯ ಟ್ರೈ ಗ್ಲೈಡ್ ಇಟ್ಟುಕೊಂಡವರು. "ಎರಡು ಚಕ್ರ ಮುಂದೆ ಇಟ್ಟುಕೊಂಡು ಯಾಕೆ ಒದ್ದಾಡ್ತೀಯ, ಇದಕ್ಕೆ ಬಾ" ಅಂತ ಒಂದೇ ಸಮನೆ ಹೇಳುತ್ತಿದ್ದರು.

ಮೊದಲು ಡೆಮೋ ರೈಡ್ ಮಾಡಿದೆ. ಇಪ್ಪತ್ತು ನಿಮಿಷ, ನೇರ ರಸ್ತೆ, ಹಿಂದೆ ಯಾರೂ ಇಲ್ಲ. ಅಷ್ಟರಲ್ಲಿ ಎಲ್ಲಾ ಗಾಡಿಯೂ ಚೆನ್ನಾಗೇ ಇರುತ್ತದೆ ಅಲ್ವಾ? ಆಮೇಲೆ ಎಕ್ಸೆಲ್‌ನಲ್ಲಿ ಅಂಕ ಹಾಕಿದೆ. ಸೀಟು, ಸಾಮಾನಿನ ಜಾಗ, ಸರ್ವಿಸ್ ಖರ್ಚು, ಹೀಗೆ ಹದಿನಾಲ್ಕು ಸಾಲು. ಮೂರು ರಾತ್ರಿ ಕೂತು ತುಂಬಿದ ಮೇಲೆ ಗೊತ್ತಾಯಿತು, ಮನಸ್ಸಿನಲ್ಲಿ ಇದ್ದ ಗಾಡಿಯೇ ಗೆಲ್ಲುವ ಹಾಗೆ ಅಂಕ ಹಾಕಿದ್ದೆ. ಆ ಫೈಲ್ ಅಳಿಸಿಬಿಟ್ಟೆ.

ಮೂರನೆಯ ತಪ್ಪಿಗೆ ಕೈ ಸುಟ್ಟುಕೊಂಡೆ. 2021ರಲ್ಲಿ ದೊಡ್ಡ ಟೂರಿಂಗ್ ಬೈಕಿಗೆ ಹಿಂದೆ ಎರಡು ಚಕ್ರದ ಕಿಟ್ ಕೂರಿಸಿದ ಟ್ರೈಕ್ ಒಂದು ಸಿಕ್ಕಿತು. ನೋಡಲು ರಾಜನ ಹಾಗಿತ್ತು. 19,500 ಕೊಟ್ಟೆ. ಅದರ ಮೇಲೆ ಗಾಡಿ ಕೊಂಡಾಗ ಕಟ್ಟುವ ನಾರ್ತ್ ಕ್ಯಾರೊಲಿನಾದ 3% ಹೈವೇ ಯೂಸ್ ಟ್ಯಾಕ್ಸು. ಎಫ್3 ಅನ್ನೂ ಮಾರದೆ ಇಟ್ಟುಕೊಂಡಿದ್ದೆ, ಅದೊಂದೇ ಬುದ್ಧಿವಂತಿಕೆ ಮಾಡಿದ್ದು. ಕಿಟ್ ಕೂರಿಸಿದವರು ಯಾರು ಅನ್ನುವುದು ಇಲ್ಲಿ ಬೇಡ. ಕೂರಿಸಿದ್ದು ಸರಿ ಇರಲಿಲ್ಲ, ಅಷ್ಟೇ. ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ತಲೆ ಅಲ್ಲಾಡಿಸುತ್ತಿತ್ತು. ಹಿಂದಿನ ಒಂದು ಟೈರ್ ಮೂರೇ ಸಾವಿರ ಮೈಲಿಗೆ ಒಳಗಡೆ ಸವೆದುಹೋಯಿತು. ಐದು ತಿಂಗಳ ನಂತರ 15,000ಕ್ಕೆ ಕೊಟ್ಟು ಕೈತೊಳೆದುಕೊಂಡೆ. ಟ್ಯಾಕ್ಸು, ಇನ್ಶೂರೆನ್ಸು, ಟೈರು ಎಲ್ಲಾ ಸೇರಿ ಹೆಚ್ಚು ಕಡಿಮೆ 6,000 ಹೋಯಿತು. ಮನೆಯಲ್ಲಿ ಎರಡು ವಾರ ಆ ಮಾತು ಎತ್ತುವ ಹಾಗಿರಲಿಲ್ಲ.

ಆಗ ಕೂತು ಯೋಚಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಿದ್ದೇನಾ? ಅಲುಗಾಡುವುದು ಎಫ್3ನ ಗುಣವೋ, ಅಥವಾ ನನ್ನ ಕೈಗೆ ಬಂದ ಈ ಒಂದು ಗಾಡಿಯ ಕಾಯಿಲೆಯೋ? ಅದು ಗೊತ್ತಿಲ್ಲದೆ ಬೇರೆ ಗಾಡಿಯ ಜೊತೆ ಹೋಲಿಸಿದರೆ ಏನು ಅರ್ಥ? ಹಾಗಾಗಿ ನನ್ನ ಮೊದಲ ನಿಯಮ ಇದು: ಬದಲಿಸುವ ಮೊದಲು ಇರುವ ಗಾಡಿಯನ್ನು ಅದು ಎಷ್ಟು ಚೆನ್ನಾಗಿ ಓಡಬಲ್ಲದೋ ಅಷ್ಟಕ್ಕೆ ತರಬೇಕು. ಸ್ನೇಹಿತರೆಲ್ಲ "ಮಾರೋ ಗಾಡಿಗೆ ಯಾಕೆ ದುಡ್ಡು ಸುರೀತೀಯ" ಅಂದರು.

ಹಿಂದಿನ ಟೈರಿನಿಂದ ಶುರು ಮಾಡಿದೆ. ಬೆಳಿಗ್ಗೆ ತಣ್ಣಗಿರುವಾಗ ಗಾಳಿ ನೋಡಿ, ಟೈರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದೆ. ಮನೆ ಮುಂದಿನ ರಸ್ತೆಯಲ್ಲಿ ನೂರಡಿ ನೇರ ಓಡಿಸಿ, ಇಳಿದು ಬಗ್ಗಿ ನೋಡಿದೆ. ನಡುವಿನ ಸುಣ್ಣ ಮಾತ್ರ ಅಳಿಸಿತ್ತು. ಎರಡೂ ಅಂಚಿನಲ್ಲಿ ಬಿಳಿ ಹಾಗೇ ಕೂತಿತ್ತು. ಅಂದರೆ ಅಷ್ಟು ಅಗಲದ ಟೈರಿದ್ದರೂ ಗಾಡಿ ನಿಂತಿದ್ದು ನಡುವಿನ ಮೂರು ನಾಲ್ಕು ಇಂಚಿನ ಮೇಲೆ. ಮ್ಯಾನ್ಯುಯಲ್‌ನಲ್ಲಿ ಹಿಂದಿನದಕ್ಕೆ 28 ಪಿಎಸ್‌ಐ ಇದೆ. ನಾನು ಕಾರಿನ ಟೈರ್ ಹಾಕಿಸಿ, ಬೇರೆ ಗಾಳಿ ಇಟ್ಟು, ಗೆರೆ ಪೂರ್ತಿ ಅಳಿಸುವವರೆಗೆ ಏಳೆಂಟು ಸಲ ಓಡಿಸಿದೆ. ಯಾವ ಸೈಜು, ಎಷ್ಟು ಗಾಳಿ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಗಾಡಿಯ ಭಾರಕ್ಕೆ, ನಮ್ಮಿಬ್ಬರ ತೂಕಕ್ಕೆ ಕಷ್ಟಪಟ್ಟು ಹುಡುಕಿದ್ದು. ಸೀಮೆಸುಣ್ಣ ನಿಮ್ಮ ಹತ್ತಿರವೂ ಇದೆಯಲ್ಲ. ಒಂದು ಅಂಗಡಿಯವರು ಕಾರಿನ ಟೈರ್ ಕೂರಿಸುವುದಿಲ್ಲ ಅಂದರು. ನಾನೇ ಚಕ್ರ ಬಿಚ್ಚಿ ಬೇರೆ ಕಡೆ ಹೊತ್ತುಕೊಂಡು ಹೋದೆ. ಎಲ್ಲಾ ಸೇರಿ 200 ಡಾಲರ್ ಒಳಗೆ.

ಆಮೇಲೆ ಚಕ್ರಗಳ ದಿಕ್ಕು ಸರಿಮಾಡುವ ಲೇಸರ್ ಅಲೈನ್‌ಮೆಂಟ್. ಹಿಂದಿನ ಮಾಲೀಕರು ಎಲ್ಲೋ ಕರ್ಬಿಗೆ ಹೊಡೆಸಿದ್ದರು ಅಂತ ಕಾಣುತ್ತೆ, ಮುಂದಿನ ಎಡ ಚಕ್ರ ಕಣ್ಣಿಗೆ ಕಾಣದಷ್ಟು ಹೊರಕ್ಕೆ ತಿರುಗಿತ್ತು. 250 ಆಯಿತು. ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ದಪ್ಪದ ಸ್ವೇ ಬಾರ್ 270, ಗ್ಯಾರೇಜಿನಲ್ಲಿ ನಾನೇ ಹಾಕಿದೆ, ಎರಡೂವರೆ ಗಂಟೆ ಹಿಡಿಯಿತು. ಬೆಲ್ಟ್ ನಡುಕಕ್ಕೆ ಅದನ್ನು ಬಿಗಿಯಾಗಿ ಒತ್ತಿಹಿಡಿಯುವ ಒಂದು ಟೆನ್ಷನರ್ ಗಾಲಿ, ಸುಮಾರು 150. ಒಟ್ಟು 870ರ ಆಸುಪಾಸು. ಗಾಡಿ ಬೇರೆಯೇ ಆಯಿತು. 80ರಲ್ಲೂ ಎರಡು ಬೆರಳಿನಲ್ಲಿ ಹಿಡಿದುಕೊಂಡು ಹೋಗಬಹುದಿತ್ತು. ನಮ್ಮ ಗುಂಪಿನ ಹಾರ್ಲೆಯವರೊಬ್ಬರು ಓಡಿಸಿ ನೋಡಿ, ಇಳಿದ ಮೇಲೆ ಎರಡು ನಿಮಿಷ ಮಾತಾಡಲಿಲ್ಲ.

ಆದರೆ ಹೆಗಲು ತಟ್ಟುವುದು ನಿಲ್ಲಲಿಲ್ಲ. ಅಂದರೆ ನನ್ನ ತೊಂದರೆ ಎಲ್ಲಾ ಗಾಡಿಯ ಕಾಯಿಲೆ, ಅವಳ ತೊಂದರೆ ಮಾತ್ರ ಗಾಡಿಯ ಆಕಾರದ್ದು. ಈ ಎರಡನ್ನು ಬೇರೆ ಮಾಡಿದ ದಿನ ಅರ್ಧ ತೀರ್ಮಾನ ಆದ ಹಾಗೇ.

ಇಲ್ಲಿಂದ ನೋಟ್‌ಬುಕ್ ಶುರು. ಒಂದೇ ದಾರಿ, ಒಂದೇ ಸಾಮಾನು, ಅದೇ ಇಬ್ಬರು. ಆಶ್‌ವಿಲ್‌ನಿಂದ ಬ್ಲೂ ರಿಡ್ಜ್ ಪಾರ್ಕ್‌ವೇ ಹಿಡಿದು 6,053 ಅಡಿಯ ರಿಚ್‌ಲ್ಯಾಂಡ್ ಬಾಲ್ಸಂ ಹತ್ತಿ, 469ನೇ ಮೈಲಿಯಲ್ಲಿ ಚೆರೋಕಿಗೆ ಇಳಿದು, ರಾಬಿನ್ಸ್‌ವಿಲ್‌ನಲ್ಲಿ ರಾತ್ರಿ. ಮರುದಿನ ಚೆರೋಹಾಲಾ ಸ್ಕೈವೇ ದಾಟಿ ಟೆಲಿಕೋ ಪ್ಲೇನ್ಸ್, ಅಲ್ಲಿಂದ ಸುತ್ತಿಕೊಂಡು ಯುಎಸ್ 129ರಲ್ಲಿ ಡ್ರ್ಯಾಗನ್ ಅಂತ ಕರೆಯುವ ತಿರುವುಗಳ ರಸ್ತೆಯ ಮೇಲೆ ವಾಪಸ್. ನಿಧಾನದ ರಸ್ತೆ, ಏರು, ತಿರುವು, ಊರಿನ ಟ್ರಾಫಿಕ್ಕು, ಎಲ್ಲಾ ಸಿಗುತ್ತೆ. ಹಿಂದಿನ ಸೀಟಿನಲ್ಲಿ ಕೂತವಳ ಜೇಬಿನಲ್ಲಿ ಸಣ್ಣ ನೋಟ್‌ಬುಕ್, ದಾರಕ್ಕೆ ಕಟ್ಟಿದ ಪೆನ್ಸಿಲ್. ಮೊದಲ ಸಲ ಸೊಂಟ ಸರಿಸಿದಾಗ ಗಂಟೆ ನೋಡಿ ಬರೆಯಬೇಕು. ಕಾಲು ಚಾಚಬೇಕು ಅನ್ನಿಸಿದಾಗ ಬರೆಯಬೇಕು. ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರೆ ಒಂದು ಗೀಟು. ನನಗೆ ಸಂಜೆವರೆಗೆ ಹೇಳುವ ಹಾಗಿಲ್ಲ, ಹೇಳಿದರೆ ನಾನು ಓಡಿಸುವ ರೀತಿ ಬದಲಾಗಿಬಿಡುತ್ತೆ. ಕೊನೆಯದು ಮರುದಿನ ಬೆಳಿಗ್ಗೆ: ಮೋಟೆಲ್‌ನ ಮೆಟ್ಟಿಲು ಇಳಿಯುವಾಗ ಮಂಡಿ ಏನಂತು?

2022ರ ಜೂನ್‌ನಲ್ಲಿ ಎಫ್3. ಜುಲೈಯಲ್ಲಿ ಟ್ರೈ ಗ್ಲೈಡ್, ಬಾಡಿಗೆಗೆ ದಿನಕ್ಕೆ 230ರ ಹಾಗೆ. ಸೆಪ್ಟೆಂಬರ್‌ನಲ್ಲಿ ಆರ್‌ಟಿ ಲಿಮಿಟೆಡ್, ಒಬ್ಬರು ಮಾಲೀಕರಿಂದ ದಿನಕ್ಕೆ 180. ಬಾಡಿಗೆ, ಪೆಟ್ರೋಲು, ರೂಮು ಸೇರಿ ಸಾವಿರದ ಇನ್ನೂರು ಖರ್ಚಾಯಿತು. 6,000 ಕಳೆದುಕೊಂಡವನಿಗೆ ಇದು ಜಾಸ್ತಿ ಅನ್ನಿಸಲಿಲ್ಲ.

ಎಫ್3ನಲ್ಲಿ ಮೊದಲ ಗುರುತು 50 ನಿಮಿಷಕ್ಕೇ ಬಿದ್ದಿತ್ತು. ಟ್ರೈ ಗ್ಲೈಡ್‌ನಲ್ಲಿ ಒಂದು ಗಂಟೆ ಐವತ್ತು ನಿಮಿಷ! ಆ ಸೀಟು ನಿಜಕ್ಕೂ ಸೋಫಾ. ಪಾರ್ಕ್‌ವೇ ಮೇಲೆ 45ರಲ್ಲಿ ಆ 1868 ಸಿಸಿಯ ಇಂಜಿನ್ ಗುಡುಗುತ್ತಾ ಹೋಗುವಾಗ ನನಗೂ ಆಸೆ ಹುಟ್ಟಿತು, ಸುಳ್ಳು ಹೇಳಲ್ಲ. ಎರಡನೇ ದಿನದ ಪುಟ ಬೇರೆ ಕಥೆ ಹೇಳಿತು. ಚೆರೋಹಾಲಾದ ನಲವತ್ತು ಚಿಲ್ಲರೆ ಮೈಲಿಯಲ್ಲಿ ಇಪ್ಪತ್ತಾರು ಗೀಟು. 1,200 ಪೌಂಡ್ ಮೀರಿದ ಗಾಡಿ, ಅವಳು ಕೂತಿದ್ದು ಸರಿಯಾಗಿ ಹಿಂದಿನ ಎರಡು ಚಕ್ರದ ಮೇಲೆ. ಒಂದು ಪಕ್ಕದ ಚಕ್ರ ಹಳ್ಳಕ್ಕೆ ಇಳಿದರೆ ಇಡೀ ಮೈ ಪಕ್ಕಕ್ಕೆ ಹೋಗುತ್ತೆ. ಮುಂದೆ ಕೂತ ನನಗೆ ಅದು ಅಷ್ಟು ಗೊತ್ತೇ ಆಗಿರಲಿಲ್ಲ. ನನಗೆ ತೊಂದರೆ ಆಗಿದ್ದು ಕ್ಲಚ್ಚಿನಿಂದ. ನನ್ನ ಎಫ್3ನಲ್ಲಿ ಕ್ಲಚ್ ಹಿಡಿಯದೆ ವರ್ಷಗಟ್ಟಲೆ ಹೆಬ್ಬೆರಳಲ್ಲಿ ಗೇರ್ ಹಾಕಿ ಅಭ್ಯಾಸ. ಡ್ರ್ಯಾಗನ್‌ನ 11 ಮೈಲಿಯ 318 ತಿರುವು ಮುಗಿಯುವ ಹೊತ್ತಿಗೆ ಎಡ ಮಣಿಕಟ್ಟು ಬಿಗಿದುಕೊಂಡಿತ್ತು. ನೇರ ಹೈವೇ ಜಾಸ್ತಿ ಓಡಿಸುವವರಿಗೆ ಟ್ರೈ ಗ್ಲೈಡ್ ಕಣ್ಣು ಮುಚ್ಚಿ ಹೇಳುತ್ತೇನೆ, ತಗೊಳ್ಳಿ. ನಾವು ಹೋಗುವುದು ಬೆಟ್ಟಕ್ಕೆ.

ಆರ್‌ಟಿಯಲ್ಲಿ ಮೊದಲ ಗುರುತು ಒಂದೂವರೆ ಗಂಟೆಗೆ. ಸೋಫಾಕ್ಕಿಂತ ಇಪ್ಪತ್ತು ನಿಮಿಷ ಕಡಿಮೆ. ಚೆರೋಹಾಲಾದಲ್ಲಿ ಆರೇ ಗೀಟು. ಎಫ್3ನಲ್ಲಿ ಇರುವ ಅದೇ 1330ರ ಮೂರು ಸಿಲಿಂಡರ್ ಇಂಜಿನ್ನೇ ಇಲ್ಲೂ ಇರುವುದರಿಂದ ನಾನು ಹೊಸದಾಗಿ ಕಲಿಯುವುದು ಏನೂ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಅವಳ ಪಾದ ಊರುವ ಅಗಲದ ಹಲಗೆಯಲ್ಲಿ ಮತ್ತು ಬಟನ್ ಒತ್ತಿದರೆ ಏರಿಳಿಯುವ, ಗಾಳಿ ತಡೆಯುವ ಮುಂದಿನ ಗಾಜಿನಲ್ಲಿ. ಬೆಳಿಗ್ಗೆ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿದಳು. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಅಲ್ಲೇ ತೀರ್ಮಾನ ಆಯಿತು.

ಗಾಜಿನ ಮಾತು ಬಂತು, ಒಂದು ಪ್ರಯೋಗ ಹೇಳಿಬಿಡುತ್ತೇನೆ. ಅವಳ ಹೆಣಿಗೆಯ ಉಲ್ಲನ್ ದಾರವನ್ನು ಬೆರಳುದ್ದ ಕತ್ತರಿಸಿ, ಇಬ್ಬರ ಹೆಲ್ಮೆಟ್ಟಿನ ಪಕ್ಕದಲ್ಲೂ ಟೇಪ್ ಹಾಕಿ ಅಂಟಿಸಿದೆ. ಸ್ನೇಹಿತರೊಬ್ಬರು ಹಿಂದೆ ಕಾರಿನಲ್ಲಿ ಬಂದರು, ಅವರ ಪಕ್ಕದಲ್ಲಿ ಕೂತಿದ್ದ ಮಗ ವಿಡಿಯೋ ಮಾಡಿದ. ಗಾಜು ಪೂರ್ತಿ ಮೇಲಿದ್ದಾಗ ನನ್ನ ದಾರ ಸುಮ್ನೆ ಜೋತಾಡುತ್ತಿತ್ತು, ಅವಳದು ಹುಚ್ಚೆದ್ದು ಕುಣಿಯುತ್ತಿತ್ತು. ಎರಡು ಇಂಚು ಇಳಿಸಿದರೆ ಎರಡೂ ನೇರ ಹಿಂದಕ್ಕೆ. ಇಷ್ಟು ದಿನ ನಾನು ಆರಾಮಾಗಿ ಕೂತು ಅವಳ ತಲೆಗೆ ಗಾಳಿ ಬಡಿಸುತ್ತಿದ್ದೆ. ಆಮೇಲೆ 87 ಮತ್ತು 91 ಆಕ್ಟೇನ್‌ನ ಪೆಟ್ರೋಲನ್ನೂ ಮೂರು ಮೂರು ಟ್ಯಾಂಕ್ ಹಾಕಿ ನೋಡಿದೆ. ಸಮತಟ್ಟಿನಲ್ಲಿ ಎರಡಕ್ಕೂ ಗ್ಯಾಲನ್‌ಗೆ 35 ಮೈಲಿ. ಬೆಟ್ಟದ ಏರಿನಲ್ಲಿ ಇಬ್ಬರಿದ್ದರೆ 87 ಸ್ವಲ್ಪ ಮಂಕು. ಮತ್ತೆ 91ರ ಪ್ರೀಮಿಯಂಗೇ ಬಂದೆ.

ಕೊಳ್ಳುವ ಲೆಕ್ಕ ಹೀಗಾಯಿತು. ಎಫ್3ಗೆ ಎಕ್ಸ್‌ಚೇಂಜ್‌ನಲ್ಲಿ 9,500 ಅಂದರು. ಎಕ್ಸ್‌ಚೇಂಜ್ ಮಾಡಿದರೆ ಅಷ್ಟು ಹಣದ ಮೇಲೆ 3% ಟ್ಯಾಕ್ಸ್ ಉಳಿಯುತ್ತೆ ನಿಜ, ಆದರೆ ಅದು ಮುನ್ನೂರೂ ಆಗುವುದಿಲ್ಲ. ನಾನೇ ಮಾರಿದೆ, 13,200 ಬಂತು. ಅಲೈನ್‌ಮೆಂಟ್ ಚೀಟಿ, ಟೈರ್ ಬಿಲ್ಲು, ಸೀಮೆಸುಣ್ಣದ ಫೋಟೋ ಎಲ್ಲಾ ತೋರಿಸಿದ್ದಕ್ಕೆ ಕೊಂಡವರು ಚೌಕಾಸಿಯನ್ನೇ ಮಾಡಲಿಲ್ಲ. "ಮಾರೋ ಗಾಡಿಗೆ" ಹಾಕಿದ 870 ಹೀಗೆ ವಾಪಸ್ ಬಂತು. 2023ರ ಏಪ್ರಿಲ್‌ನಲ್ಲಿ 6,000 ಮೈಲಿ ಓಡಿದ್ದ 2021ರ ಆರ್‌ಟಿ ಲಿಮಿಟೆಡ್ ತಗೊಂಡೆ, 21,000ಕ್ಕೆ. ಹೇಳಿದ್ದು 22,500. ಹದಿನೈದು ನೂರು ಹೇಗೆ ಇಳಿಸಿದೆ ಅನ್ನುವುದು ಮುಂದಿನ ಸಲ ನನಗೇ ಬೇಕಾಗುತ್ತೆ, ಹೇಳಲ್ಲ. 9,300 ಮೈಲಿಯ ಸರ್ವಿಸ್ ನಾನೇ ಮಾಡಿಕೊಳ್ಳುತ್ತೇನೆ. ಎಣ್ಣೆ ಮತ್ತು ಎರಡು ಫಿಲ್ಟರ್ ಸೇರಿ 130 ಡಾಲರ್ ಹತ್ತಿರ ಆಗುತ್ತೆ.

ಇದೇ ದಾರಿಯಲ್ಲಿ ಇನ್ನೊಮ್ಮೆ ಓಡಿಸಿ ನೋಡಬೇಕು ಅಂತ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಪಾರ್ಕ್‌ವೇಯನ್ನು ಅಲ್ಲಲ್ಲಿ ಕಿತ್ತುಹಾಕಿತು, ಆ ಸಲ ಆಗಲಿಲ್ಲ. ನೀವು ಮಾಡಿ ನೋಡುವುದಾದರೆ ಬಾಡಿಗೆಗೆ ಸಿಗುವ ಯಾವ ಟ್ರೈಕ್ ಆದರೂ ಸರಿ, ನಿಮ್ಮ ಊರಿನ ಹತ್ತಿರದ ಬೆಟ್ಟ ಸಾಕು, ಹಿಂದೆ ಕೂರುವವರು ಮಾತ್ರ ಅವರೇ ಇರಬೇಕು. ನನ್ನ ಹಿಂದಿನ ಟೈರ್ ಮತ್ತೆ ತೆಳ್ಳಗಾಗಿದೆ. ಈ ಸಲ ಅಂಚಿನಿಂದ ಅಂಚಿಗೆ ಒಂದೇ ಸಮ ಸವೆದಿದೆ. ಶನಿವಾರ ಜ್ಯಾಕ್ ಹಾಕಿ ಚಕ್ರ ಬಿಚ್ಚಬೇಕು.