ಹಳೆಯ ಕಾಗದಕ್ಕೆ ಅತಿನೇರಳೆ ಟಾರ್ಚಿನ ಪರೀಕ್ಷೆ
20ನೇ ಶತಮಾನದ ಆರಂಭದ್ದೆಂದು ಹೇಳುವ ಅಂಚೆ ಕಾರ್ಡು, ಫೋಟೊ ಅಥವಾ ನಕ್ಷೆಯನ್ನು ಕೊಳ್ಳುವ ಮೊದಲು ಕತ್ತಲಲ್ಲಿ ಅದರ ಮೇಲೆ ಅತಿನೇರಳೆ ಟಾರ್ಚಿನ ಬೆಳಕು ಹಾಯಿಸಿ ನೋಡಿ. ಹಾಳೆ ಇಡಿಯಾಗಿ, ಹೊಸದಾಗಿ ಒಗೆದ ಬಿಳಿ ಅಂಗಿಯಂತೆ, ನೀಲಿ ಬೆರೆತ ಬಿಳುಪಿನಲ್ಲಿ ಹೊಳೆದರೆ ಅದು ಹೇಳಿದಷ್ಟು ಹಳೆಯದಿರುವ ಸಾಧ್ಯತೆ ತೀರಾ ಕಡಿಮೆ. ಅತಿನೇರಳೆ ಕಿರಣಗಳನ್ನು ಹೀರಿಕೊಂಡು ನೀಲಿ ಬೆಳಕನ್ನು ಹೊರಸೂಸುವ ಬಿಳುಪುಕಾರಕಗಳು ಕಾಗದ ತಯಾರಿಕೆಯಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದು 1950ರ ದಶಕದಿಂದೀಚೆಗೆ. ಅದಕ್ಕೂ ಹಿಂದಿನ ಕಾಗದ ಸಾಮಾನ್ಯವಾಗಿ ಮಂಕಾಗಿಯೇ ಕಾಣುತ್ತದೆ. ಅಂಚಿನಲ್ಲಷ್ಟೇ ಹೊಳಪು ಕಂಡರೆ ಅದು ದುರಸ್ತಿಗೆ ಅಂಟಿಸಿದ ಹೊಸ ಪಟ್ಟಿಯೂ ಆಗಿರಬಹುದು. ಹೊಳೆಯದಿರುವುದನ್ನು ಮಾತ್ರ ಹಳೆಯದೆಂಬುದಕ್ಕೆ ಪುರಾವೆಯೆಂದು ದಯವಿಟ್ಟು ನಂಬಬೇಡಿ: ಬಿಳುಪುಕಾರಕವಿಲ್ಲದ ಕಾಗದ ಈಗಲೂ ತಯಾರಾಗುತ್ತದೆ, ಚಾಣಾಕ್ಷ ನಕಲುಗಾರರು ಹಳೆಯ ಪುಸ್ತಕಗಳ ಖಾಲಿ ಹಾಳೆಗಳನ್ನೇ ಬಳಸುತ್ತಾರೆ.