ಮೂರು ಜನರ ಬೆಂಚಿನಲ್ಲಿ ನಾಲ್ವರು: ನಗುವಿನ ಸಾಕ್ಷ್ಯಚಿತ್ರ ಮಾಡಿದ ನನ್ನ ಅನುಭವ

ಮುಂಬೈಯ ನಾಲ್ವರು ಕನ್ನಡತಿಯರ ಬಗ್ಗೆ ನಗಿಸುವ ಸಾಕ್ಷ್ಯಚಿತ್ರ ಮಾಡುತ್ತೇನೆ ಅಂದಾಗ ಗೊತ್ತಿದ್ದವರೆಲ್ಲ ಬೇಡ ಅಂದರು. ಹೆಂಗಸರ ಕಷ್ಟದ ಮೇಲೆ ತಮಾಷೆ ಯಾಕೆ ಅಂತ ಕೆಲವರು. ಹಿನ್ನೆಲೆ ದನಿ ಇಲ್ಲದೆ ನಾಲ್ಕು ಭಾಷೆಯ ಸಿನಿಮಾ ಯಾರು ನೋಡ್ತಾರೆ ಅಂತ ಒಬ್ಬ ಎಡಿಟರ್. ಈಗ ಡೊಂಬಿವಲಿ, ಮಾಟುಂಗಾ ಎರಡೂ ಕಡೆ ಹಾಲ್ ತುಂಬಿತ್ತು, ಜನ ಹೊಟ್ಟೆ ಹಿಡಿದು ನಕ್ಕರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕ್ಯಾಮೆರಾ, ಮೈಕ್ ವಿಷಯ ನಿಮಗೆ ಗೊತ್ತೇ ಇದೆ, ಬಿಡಿ.

ಮೊದಲು ಮಾಮೂಲಿ ಸಂದರ್ಶನ ಮಾಡಿದೆವು. ಕುರ್ಚಿ, ಲೈಟು, ಕಾಲರ್ ಮೈಕ್. ಇಲ್ಲಿನ ಕನ್ನಡಿಗರಿಗೆ ವೇದಿಕೆ ಹೊಸದಲ್ಲ. ಮಾಟುಂಗಾದ ಕನ್ನಡ ಸಂಘ ಮೈಸೂರು ಅಸೋಸಿಯೇಷನ್ 1926ರದ್ದು. ಕುರ್ಚಿ ಕಂಡ ಕೂಡಲೇ ರೇಷ್ಮೆ ಸೀರೆ ಬಂತು, ಭಾಷಣ ಶುರುವಾಯಿತು. ಲೈಟಿನ ಬಾಡಿಗೆ, ಸೌಂಡ್ ಹುಡುಗನ ಸಂಬಳ ಸೇರಿ 60 ಸಾವಿರದ ಹತ್ತಿರ ಹೋಯಿತು. ಒಂದು ನಿಮಿಷವೂ ಸಿನಿಮಾದಲ್ಲಿಲ್ಲ. ಆಮೇಲೆ ಪ್ರಶ್ನೆ ಕೇಳಲು ಒಬ್ಬ ಹಾಸ್ಯ ಕಲಾವಿದನನ್ನು ಕರೆಸಿದೆವು. ಅವನೇ ಜೋಕ್ ಹೇಳಿದ, ಇವರು ಸುಮ್ನೆ ಪ್ರೇಕ್ಷಕರಾದರು. ಇನ್ನೊಂದು 15 ಸಾವಿರ.

ಈ ಹೆಂಗಸರು ನಿಜಕ್ಕೂ ನಗುವುದು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ. ಅವರಲ್ಲಿ ಹಿರಿಯರೊಬ್ಬರು 1992ರಲ್ಲಿ ಚರ್ಚ್‌ಗೇಟ್-ಬೋರಿವಲಿ ಲೇಡೀಸ್ ಸ್ಪೆಷಲ್, ಅಂದರೆ ಹೆಂಗಸರಿಗೇ ಮೀಸಲಾದ ರೈಲು, ಶುರುವಾದ ಕಾಲದಿಂದ ಓಡಾಡಿದವರು. ಆದರೆ ರೈಲಿನಲ್ಲಿ ಶೂಟಿಂಗ್ ಅಂದರೆ ಅನುಮತಿ, ಶುಲ್ಕ. ನಮ್ಮ ಕೈಗೆ ಎಟುಕಲ್ಲ. ಅದಕ್ಕೆ ಕಲ್ಯಾಣದ ಬಡಗಿಯೊಬ್ಬರಿಂದ ಲೋಕಲ್ ಸೀಟಿನದೇ ಅಳತೆಯ ಬೆಂಚ್ ಮಾಡಿಸಿದೆ, 4 ಸಾವಿರವೋ ಏನೋ. ಒಬ್ಬರ ಮನೆಯ ಹಾಲ್‌ನಲ್ಲಿಟ್ಟೆ. ಮೂವರ ಜಾಗದಲ್ಲಿ ನಾಲ್ವರನ್ನು ಕೂರಿಸಿ, ಸಂಜೆಯ ರೈಲಿನಲ್ಲಿ ಮಾಡುವ ಹಾಗೆ ಬಟಾಣಿ ಬಿಡಿಸಲು ಕೊಟ್ಟೆ. ಚೌಥಿ ಸೀಟಿನವರು, ಅಂದರೆ ತುದಿಯಲ್ಲಿ ಕೂತ ನಾಲ್ಕನೆಯವರು, ಅರ್ಧ ಗಾಳಿಯಲ್ಲಿ ಕೂತು "ಥೋಡಾ ಸರಕಾ ನಾ" (ಸ್ವಲ್ಪ ಸರೀರಿ) ಅಂದರು. ಅಲ್ಲಿಂದ ಮಾತು ನಿಲ್ಲಲೇ ಇಲ್ಲ.

ಒಬ್ಬರು ಸೊಲ್ಲಾಪುರದಲ್ಲಿ ಮರಾಠಿ ಕಲಿತು ಬೆಳೆದವರು, ಮದುವೆಯಾಗಿ ತುಳು ಮನೆ ಸೇರಿದವರು. "ಅತ್ತೆಗೆ ಗೊತ್ತಾಗಬಾರದ್ದು ಮರಾಠಿಯಲ್ಲಿ, ಮಕ್ಕಳಿಗೆ ಗೊತ್ತಾಗಬಾರದ್ದು ತುಳುವಿನಲ್ಲಿ" ಅಂದರು. ದುಡ್ಡಿನ ವಿಷಯ ಯಾವ ಭಾಷೆಯಲ್ಲಿ ಅಂತ ಪಕ್ಕದವರು ಕೇಳಿದರು. "ಅದನ್ನು ಯಾವ ಭಾಷೆಯಲ್ಲೂ ಹೇಳಲ್ಲ!" ಅವರದು ಕ್ಯಾಟರಿಂಗ್. ಬೋರ್ಡಿನ ಮೇಲೆ ಗಂಡನ ಹೆಸರು, ಬ್ಯಾಂಕ್ ಖಾತೆ ಇವರದು. ಇದನ್ನು ಹೇಳುವಾಗ ಕೈ ಬಟಾಣಿ ಬಿಡಿಸುತ್ತಲೇ ಇತ್ತು, ಒಂದು ಕಾಳೂ ಕೆಳಗೆ ಬೀಳಲಿಲ್ಲ. ಆ ಶಾಟ್‌ಗೆ ನಾನು ಕತ್ತರಿ ಹಾಕಲಿಲ್ಲ. ಹೆಣ್ಣಿನ ಸಬಲೀಕರಣ ಅಂತ ಬೇರೆ ಏನು ತೋರಿಸಬೇಕು?

ಮೊದಲ ಅರ್ಧ ಗಂಟೆ ಅವರು ಕ್ಯಾಮೆರಾ ಮರೆಯಲು ಏನು ಮಾಡಿದೆ ಅಂತ ಎಲ್ಲರೂ ಕೇಳುತ್ತಾರೆ. ಅದು ನನ್ನ ಹತ್ತಿರವೇ ಇರಲಿ, ಮುಂದಿನ ಸಿನಿಮಾಕ್ಕೆ ಬೇಕು.

ರಫ್ ಕಟ್, ಅಂದರೆ ಮೊದಲ ಕಚ್ಚಾ ಜೋಡಣೆ, ಆ ನಾಲ್ವರಿಗೇ ತೋರಿಸಿದೆ. ಚಿಕ್ಕವಳ ಕನ್ನಡ ಕೇಳಿ ಉಳಿದ ಮೂವರು ನಗುವ ಜಾಗವೊಂದಿತ್ತು. ಭರ್ಜರಿ ಕಾಮಿಡಿ. ಆದರೆ ಅದರಲ್ಲಿ ಅವಳು ನಗುತ್ತಿರಲಿಲ್ಲ. ತೆಗೆದೆ. ಯಾರ ಬಗ್ಗೆ ಜೋಕೋ ಅವರೂ ನಗಬೇಕು, ಅಲ್ವಾ?

ಸಬ್‌ಟೈಟಲ್ ಎಲ್ಲ ಕನ್ನಡದಲ್ಲೇ, ಆದರೆ ಮಾತಾಡುವ ಭಾಷೆಗೊಂದು ಬಣ್ಣ. ಕನ್ನಡಕ್ಕೆ ಹಳದಿ, ಮರಾಠಿಗೆ ಬಿಳಿ, ತುಳುವಿಗೆ ಹಸಿರು, ಹಿಂದಿಗೆ ನೀಲಿ. ಒಂದೇ ವಾಕ್ಯದಲ್ಲಿ ಮೂರು ಬಣ್ಣ ಬಂದಾಗ ಹಾಲ್ ಚಪ್ಪಾಳೆ ತಟ್ಟಿತು. ಹಿನ್ನೆಲೆ ದನಿ ಬೇಕೇ ಆಗಲಿಲ್ಲ. ನೀಲಿ ಮಾತ್ರ ಹಳೇ ಪ್ರೊಜೆಕ್ಟರ್‌ನಲ್ಲಿ ಕಾಣಲ್ಲ, ತಿಳಿ ನೀಲಿ ಹಾಕಿ.

ಒಟ್ಟು ಖರ್ಚು ಮೂರೂವರೆ ಲಕ್ಷದ ಆಸುಪಾಸು. ಸೌಂಡ್ ಮಿಕ್ಸಿಂಗ್‌ಗೆ ಕೈ ಖಾಲಿಯಾದಾಗ ಆ ನಾಲ್ವರ ಭಿಶಿ ಗುಂಪು (ತಿಂಗಳಿಗೊಮ್ಮೆ ದುಡ್ಡು ಕೂಡಿಸಿ ಸರದಿಯಂತೆ ಒಬ್ಬರಿಗೆ ಕೊಡುವ ಚೀಟಿ) ಒಂದು ತಿಂಗಳ ಪಾಳಿ ನನಗೆ ಬಿಟ್ಟುಕೊಟ್ಟಿತು, 40 ಸಾವಿರ. ಟಿಕೆಟ್ 100 ರೂಪಾಯಿ ಇಟ್ಟು ಅದನ್ನೇ ಮೊದಲು ತೀರಿಸಿದೆ. ಉಳಿದದ್ದರಲ್ಲಿ ಅರ್ಧ ಬಂದಿದೆ. ಪುಣೆಯವರೂ ಕರೆದಿದ್ದಾರೆ. ಹಾಲ್ ಬಾಡಿಗೆ ನಿಮ್ಮದು, ಟಿಕೆಟ್ ದುಡ್ಡು ನಮ್ಮದು ಅಂದಿದ್ದೇನೆ.